ಚೂರು ಇದ್ದಿಲು, ಇಡ್ಲಿ ಇದ್ದಿಲು

ಅವರ ಅಂಗೈಯ ಗೆರೆಗಳಲ್ಲಿ ಕಪ್ಪು ಇಳಿದುಹೋಗಿತ್ತು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಮಸಿ. ಅರಸೀಕೆರೆಯಲ್ಲಿ ರೈಲು ಹಳಿಯ ಪಕ್ಕದ ಬೀದಿಯಲ್ಲಿ ಅವರದೊಂದು ತಗಡಿನ ಶೆಡ್ಡು. ತೆಂಗಿನ ಕರಟ ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದರು. ಊರಿನವರಿಗೆ ಅವರು ಇದ್ದಿಲಮ್ಮ. ನಾನು ಬರೀ ಅಮ್ಮ ಎನ್ನುತ್ತಿದ್ದೆ.

ಅವರ ಬಾಗಿಲಿಗೆ ನಾನು ಮೊದಲು ಹೋದದ್ದು ಸೋತು ಸುಣ್ಣವಾಗಿ. ಬೇಲೂರಿನ ಹತ್ತಿರ ಒಂದು ರೆಸಾರ್ಟಿನಲ್ಲಿ ಅಡುಗೆಯವನಾಗಿದ್ದೆ, ಕೊರೊನಾ ಕಾಲದಲ್ಲಿ ಅದು ಮುಚ್ಚಿತು. ಆಮೇಲೆ ನಾನೂ ನನ್ನ ಹೆಂಡತಿಯೂ ಸೇರಿ, ನಮ್ಮ ಮಾದಿಹಳ್ಳಿಯಿಂದ ಹಳೇಬೀಡಿಗೆ ಹೋಗುವ ರಸ್ತೆಯಲ್ಲಿ ಒಂದು ಗ್ರಿಲ್ ಅಂಗಡಿ ಹಾಕಿದೆವು. ಕೋಳಿ, ಮೀನು, ಜೋಳ, ಪನೀರು, ಎಲ್ಲವೂ ಕೆಂಡದ ಮೇಲೆ. ದೇವಸ್ಥಾನ ನೋಡಿ ಬರುವವರು ಕಾರು ನಿಲ್ಲಿಸುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಒಂದು ಕುಟುಂಬ ಅರ್ಧ ತಿಂದ ತಟ್ಟೆಗಳನ್ನು ಬಿಟ್ಟು ಎದ್ದಿತು. ಯಜಮಾನರು ಬೈಯಲಿಲ್ಲ, ಕೋಳಿ ಡೀಸೆಲ್ ವಾಸನೆ ಹೊಡೀತಿದೆ ಎಂದಷ್ಟೇ ಹೇಳಿ ಹೊರಟರು. ಹೆಂಡತಿ ಆ ತಟ್ಟೆಗಳನ್ನು ತೊಳೆದಿಟ್ಟಳು. ಇನ್ನೆರಡು ಭಾನುವಾರ ಹೀಗೇ ಆದರೆ ಅಂಗಡಿ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ, ನಾನು ಉರಿಸುತ್ತಿದ್ದ ಇದ್ದಿಲನ್ನು ಜೇಬಿಗೆ ಹಾಕಿಕೊಂಡು, ಇದ್ದಿಲಮ್ಮನ ಹೆಸರು ಕೇಳಿದ್ದರಿಂದ ಅರಸೀಕೆರೆಗೆ ಹೋದೆ. ಅದು ಪುಡಿಯನ್ನು ಯಂತ್ರದಲ್ಲಿ ಒತ್ತಿ ಮಾಡಿದ ಬಿಲ್ಲೆ, ಬ್ರಿಕೆಟ್ ಅಂತಾರಲ್ಲ, ಅದು. ನೋಡಲು ಚೆಂದ, ಎಲ್ಲ ಒಂದೇ ಅಳತೆ. ಅಮ್ಮ ಅದನ್ನು ಮುರಿದು, ಮೂಸಿ, ಒಂದು ಬಟ್ಟಲು ನೀರಿಗೆ ಹಾಕಿ ಕಿವುಚಿದರು. ತಳದಲ್ಲಿ ಕೆಂಪಗೆ ಗಸಿ ನಿಂತಿತು.

"ಇದ್ರಲ್ಲಿ ಅರ್ಧ ಮಣ್ಣೇ ಐತೆ. ಏನು ಹಾಕಿ ಹಚ್ತೀಯಪ್ಪ ಇದನ್ನ?"

ಬೇಗ ಹತ್ತುವುದಿಲ್ಲವೆಂದು ಡೀಸೆಲ್ ಸುರಿಯುತ್ತೇನೆ ಎಂದು ಒಪ್ಪಿಕೊಂಡೆ. ಅವರು ನಗಲಿಲ್ಲ. ಕರಟದ ಇದ್ದಿಲಿನ ಒಂದು ಚೂರನ್ನು ಸಿಮೆಂಟ್ ನೆಲದ ಮೇಲೆ ಬಿಟ್ಟರು, ಗಾಜಿನ ಬಳೆ ಬಿದ್ದ ಹಾಗೆ ಠಣ್ ಎಂದಿತು. ಹಾಗೆ ದನಿ ಕೊಟ್ಟರೆ ಚೆನ್ನಾಗಿ ಬೆಂದಿದೆ ಎಂದು ತಿಳಿ, ಒಣಗಿದ ತೆಂಗಿನ ಗರಿಯಲ್ಲಿ ಹಚ್ಚು, ಮೇಲೆ ಬಿಳಿ ಬೂದಿ ಕಟ್ಟುವ ತನಕ ಏನನ್ನೂ ಇಡಬೇಡ ಎಂದು ಹೇಳಿ ಒಂದು ಮೂಟೆ ಕಟ್ಟಿಸಿಕೊಟ್ಟರು. ಮುಂದಿನ ಭಾನುವಾರ ಒಂದು ತಟ್ಟೆಯೂ ಅರ್ಧಕ್ಕೆ ವಾಪಸ್ಸು ಬರಲಿಲ್ಲ.

ಆಮೇಲೆ ಇದ್ದಿಲಿಗಿಂತ ಹೆಚ್ಚಾಗಿ ಮಾತಿಗೆಂದೇ ಹೋಗುತ್ತಿದ್ದೆ. ಕರಟವನ್ನು ಡ್ರಮ್ಮಿನಲ್ಲಿ ತುಂಬಿ ಸುಡುವುದು, ಹೊಗೆ ತಿಳಿಯಾದ ಮೇಲೆ ಮುಚ್ಚಿ ಅಂಚಿಗೆ ಮಣ್ಣು ಮೆತ್ತುವುದು, ಎಲ್ಲ ಕಲಿಸಿದರು. ಅವರು ಜನ್ಮದಲ್ಲಿ ಮಾಂಸ ಮುಟ್ಟಿದವರಲ್ಲ. ಬೆಂಕಿಯನ್ನು ಪರೀಕ್ಷಿಸುತ್ತಿದ್ದದ್ದು ಬದನೆಕಾಯಿ ಸುಟ್ಟು. ಸಿಪ್ಪೆ ಸುಲಿದು, ಉಪ್ಪು ಹಚ್ಚಿ, ಅರ್ಧ ನನಗೆ ಕೊಟ್ಟು, ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಬಿಲ್ಲೆ ಇದ್ದಿಲಿನ ಮಾತೆತ್ತಿದರೆ ಮಾತ್ರ ಮುಖ ತಿರುಗಿಸುತ್ತಿದ್ದರು. ಅವರ ಲೆಕ್ಕದಲ್ಲಿ ಇದ್ದಿಲು ಅಂದರೆ ಚೂರು. ಪುಡಿಯಾದದ್ದು ಕಸ.

ಹೀಗಿರುವಾಗ ಅರೇಹಳ್ಳಿಯ ಕಾಫಿ ತೋಟದವರೊಬ್ಬರು ತಮ್ಮ ಮನೆಯ ಸಮಾರಂಭಕ್ಕೆ ಕರೆದರು. ಇಡೀ ಕುರಿ ತೊಡೆಗಳನ್ನು ಆರು ಗಂಟೆ ಹೊಗೆಯಲ್ಲಿ ಬೇಯಿಸಿ ಕೊಡಬೇಕಂತೆ. ಒಪ್ಪಿಕೊಂಡುಬಿಟ್ಟೆ. ಮನೆಯಲ್ಲಿ ಒಂದು ತೊಡೆ ಇಟ್ಟು ನೋಡಿದರೆ ಮೇಲೆಲ್ಲ ಕರಕಲು, ಮೂಳೆಯ ಹತ್ತಿರ ಹಸಿ. ಚೂರು ಇದ್ದಿಲು ಹಾಕಿದಾಗಲೆಲ್ಲ ಕಾವು ಧಗ್ಗನೆ ಏರುತ್ತಿತ್ತು, ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಆಗ ನನಗೆ ಅಮ್ಮನ ಶೆಡ್ಡಿನ ಮೂಲೆಯಲ್ಲಿ ಎದೆಯುದ್ದ ಬಿದ್ದಿದ್ದ ಇದ್ದಿಲು ಪುಡಿಯ ಗುಡ್ಡೆ ನೆನಪಾಯಿತು. ಹೋಗಿ, ಮಣ್ಣು ಬೆರೆಸದೆ ಅದನ್ನೇ ಗಂಜಿಯಲ್ಲಿ ಕಲಸಿ ಬಿಲ್ಲೆ ಮಾಡಿದರೆ ಒಂದೇ ಸಮ ಉರಿಯಬಹುದಲ್ಲ ಎಂದೆ. ಕಸ ಕಟ್ಟಿ ಮಾರು ಅಂತೀಯಾ ಎಂದು ಕೇಳಿ, ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ನಾನು ಮನಸ್ಸು ಕೆಡಿಸಿಕೊಂಡು ಬಸ್ಸು ಹತ್ತಿದೆ.

ನಾಲ್ಕನೇ ದಿನ ಅವರೇ ಫೋನ್ ಮಾಡಿ ಬಾ ಎಂದರು. ಹೋಗಿ ನೋಡಿದರೆ ತಾರಸಿಯ ಮೇಲೆ ಸಾಲುಸಾಲಾಗಿ ಇದ್ದಿಲು ಪುಡಿಯ ಕಪ್ಪು ಇಡ್ಲಿ. ರಾಗಿ ಗಂಜಿ ಹಾಕಿದ್ದು ಉದುರಿಹೋಯಿತಂತೆ, ಮೈದಾ ಹಾಕಿದ್ದಕ್ಕೆ ಬೂಷ್ಟು ಬಂತಂತೆ, ಸಬ್ಬಕ್ಕಿ ಗಂಜಿ ಹಾಕಿದ್ದು ನಿಂತಿತಂತೆ. ಅಚ್ಚಿಗೆ ಮನೆಯ ಇಡ್ಲಿ ತಟ್ಟೆ. ಮಗಳು ಬೈದಳೆಂದು ಹೊಸ ತಟ್ಟೆ ತರಿಸಿ ಹಳೆಯದನ್ನು ಇದಕ್ಕೆ ಇಟ್ಟುಕೊಂಡಿದ್ದರು.

ಎರಡು ಒಲೆ ಹಚ್ಚಿದೆವು. ಒಂದಕ್ಕೆ ಚೂರು, ಒಂದಕ್ಕೆ ಇಡ್ಲಿ, ಎರಡರ ಮೇಲೂ ಗೆಣಸು. ಚೂರಿನ ಒಲೆ ಬೇಗ ಕಾದಿತು, ಬೇಗ ತಣಿಯಿತು. ಇಡ್ಲಿಯದು ನಿಧಾನವಾಗಿ ಹತ್ತಿಕೊಂಡು ಮೂರು ಗಂಟೆ ಒಂದೇ ಕಾವಿನಲ್ಲಿ ಕೂತಿತ್ತು. ಅಮ್ಮ ಆಗಾಗ ಅಂಗೈಯನ್ನು ಕೆಂಡದ ಮೇಲೆ ಹಿಡಿದು ನೋಡುತ್ತಿದ್ದರು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ನಲವತ್ತು ವರ್ಷ ಇದನ್ನ ಗುಡಿಸಿ ಮೂಲೆಗೆ ಹಾಕಿದ್ನಲ್ಲಪ್ಪ. ನಂದೇ ತಪ್ಪು."

ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡ ಹಿರಿಯರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅದರ ಬೆನ್ನಿಗೇ ತೀರ್ಪನ್ನೂ ಕೊಟ್ಟರು. ಮೀನು, ಜೋಳ, ಕಬಾಬಿಗೆ ಚೂರೇ ಆಗಬೇಕು, ಆ ಉರಿ ಇಡ್ಲಿಯಲ್ಲಿಲ್ಲ. ಗಂಟೆಗಟ್ಟಲೆ ಬೇಯುವುದಕ್ಕೆ ಇಡ್ಲಿ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಾಕಿ ಆಮೇಲೆ ಇದ್ದಿಲನ್ನು ಬೈಯಬೇಡ ಎಂದರು.

ಅರೇಹಳ್ಳಿಗೆ ಅವರೂ ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮೊಸರನ್ನದ ಡಬ್ಬಿ ಹಿಡಿದು, ಬೇಲೂರಿನಲ್ಲಿ ಬಸ್ಸು ಬದಲಿಸಿ ಬಂದಿಳಿದರು. ಮಾಂಸದ ವಾಸನೆ ನಿಮಗೆ ಆಗುತ್ತದಾ ಎಂದು ನಾನು ಹಿಂಜರಿದೆ.

"ಮಾಂಸ ನಿಂದು, ಬೆಂಕಿ ನಂದು," ಎಂದು, ಹೊಗೆ ತಾಗದ ಹಾಗೆ ಗಾಳಿ ಬೀಸುವ ಬದಿಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಆರು ಗಂಟೆ ಅವರು ಒಲೆಯ ತಳವನ್ನು ಬಿಟ್ಟು ಮೇಲಕ್ಕೆ ನೋಡಲಿಲ್ಲ. ಈಗ ನಾಲ್ಕು ಹಾಕು, ಈಗ ಬೇಡ, ಕಿಂಡಿ ಮುಚ್ಚು ಎನ್ನುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಮಾಂಸ ಬೆರಳು ಮುಟ್ಟಿದರೆ ಮೂಳೆ ಬಿಡುತ್ತಿತ್ತು. ಮನೆಯ ಹಿರಿಯರು ಬಂದು ಅವರಿಗೆ ಕೈಮುಗಿದರು. ಅಮ್ಮ ಡಬ್ಬಿ ಬಿಚ್ಚಿ ಮೊಸರನ್ನ ಉಂಡರು, ಒಂದು ಉಪ್ಪಿನಕಾಯಿ ಹೋಳು ಸಿಗುತ್ತದಾ ಎಂದು ಕೇಳಿದರು. ಆ ದಿನದಿಂದ ನಮಗೆ ತೋಟಗಳಿಂದ ಕರೆ ಬರುವುದು ನಿಂತಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅವರು ಲಿಂಗೈಕ್ಯರಾದರು. ಹೆಚ್ಚು ನರಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ, ಶೆಡ್ಡು ಮುಚ್ಚುತ್ತಾರೇನೋ ಎಂಬ ಅಳುಕಿನಲ್ಲಿ ಹೋದೆ. ಅವರ ಮಗಳು ಶಾಲೆಯಲ್ಲಿ ಟೀಚರು, ಶೆಡ್ಡಿನೊಳಗೆ ಕಾಲಿಟ್ಟವರೇ ಅಲ್ಲ. ಅವತ್ತು ಸೀರೆ ಸೊಂಟಕ್ಕೆ ಸಿಕ್ಕಿಸಿ ಡ್ರಮ್ಮಿಗೆ ಕರಟ ತುಂಬುತ್ತಿದ್ದರು.

"ನನಗೇನೂ ಬರಲ್ಲ," ಎಂದರು. "ಗೊತ್ತಾಗದೇ ಇದ್ರೆ ನಿಮ್ಮನ್ನ ಕೇಳು ಅಂತ ಅಮ್ಮ ಹೇಳಿದ್ರು."

ಅಡುಗೆಯವನಾದ ನನ್ನನ್ನು ಅಮ್ಮ ಎಂದೂ ಶಿಷ್ಯ ಎಂದು ಕರೆದಿರಲಿಲ್ಲ. ಅಂಗಿಯ ತೋಳು ಮಡಚಿ ಕೂತೆ. ಇಬ್ಬರೂ ಸುಟ್ಟೆವು, ಮುಚ್ಚಿದೆವು, ಮಣ್ಣು ಮೆತ್ತಿದೆವು. ಸಂಜೆಗೆ ಅವರು ತೆಗೆದು ನೋಡೋಣವೇ ಎಂದು ಕೇಳಿದರು. ಈಗ ತೆಗೆದರೆ ಗಾಳಿ ತಾಗಿ ಎಲ್ಲ ಬೂದಿಯಾಗುತ್ತದೆ, ನಾಳೆ ತಣ್ಣಗಾದ ಮೇಲೆ ನೀವೇ ತೆಗೆಯಿರಿ ಎಂದೆ. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಅವರು ಮುಚ್ಚಳ ಎತ್ತಿ ಫೋಟೊ ಕಳಿಸಿದರು. ಡ್ರಮ್ಮಿನ ತುಂಬ ಇದ್ದಿಲು, ಒಂದೂ ಬೂದಿಯಾಗಿರಲಿಲ್ಲ. ಹೆಂಡತಿಗೆ ತೋರಿಸಿದೆ. ಅವಳು ಫೋಟೊ ದೊಡ್ಡದು ಮಾಡಿ ನೋಡಿ, ಮುಂದಿನ ಸೋಮವಾರ ಕರಟ ಸುಡುವುದು ಕಲಿಯಲು ತಾನೂ ಅರಸೀಕೆರೆಗೆ ಬರುತ್ತೇನೆ ಎಂದಳು.