ಬೋರ್ಡೋ ಬಾಟಲಿಯ ಪಾಠ

ಜೂನ್ ಹನ್ನೆರಡರ ಬೆಳಗ್ಗೆ ಒಂಬತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ಜಗದಾಂಬ ಮೇಡಂ ಹತ್ತನೇ ತರಗತಿಯ ಮೇಜಿನ ಮುಂದೆ ನಿಂತು, ಅಡುಗೆಮನೆಯ ಕಬ್ಬಿಣದ ಚೂರಿಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಮಾರನಹಳ್ಳಿ ಹತ್ತಿರದ ಆ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವರೇ ವಿಜ್ಞಾನದ ಟೀಚರು. ದಿನಾ ಸಕಲೇಶಪುರದಿಂದ ಬಸ್ಸಿನಲ್ಲಿ ಬರುತ್ತಾರೆ.

ಹಿಂದಿನ ಕಿಟಕಿಯ ಬಳಿ, ಪಾಠ ನೋಡಲು ಜಿಲ್ಲೆಯಿಂದ ಬಂದ ಪರಿವೀಕ್ಷಕ ಪ್ರತಾಪ್ ಕೂತಿದ್ದರು. ತೊಡೆಯ ಮೇಲೆ ಬಣ್ಣಬಣ್ಣದ ಪುಸ್ತಿಕೆ. ರಸಾಯನಶಾಸ್ತ್ರವನ್ನು ಮಕ್ಕಳ ದಿನನಿತ್ಯದ ಬದುಕಿಗೆ ಹತ್ತಿರ ತರುವುದು ಹೇಗೆಂದು ಅದು ಕಲಿಸುತ್ತಿತ್ತು. ಕೊಟ್ಟ ಉದಾಹರಣೆ ಎರಡು: ಓವನ್ನಿನಲ್ಲಿ ಕೇಕ್ ಉಬ್ಬುವುದು, ಈಜುಕೊಳಕ್ಕೆ ಕ್ಲೋರಿನ್ ಹಾಕುವುದು. ತರಗತಿಯ ಇಪ್ಪತ್ತಾರು ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಓವನ್ ಇಲ್ಲ. ಈಜುಕೊಳದ ಮಾತು ಬೇಡವೇ ಬೇಡ. ಬರೆದವರು ಮಕ್ಕಳ ಬದುಕನ್ನು ಯಾವ ಹೋಟೆಲಿನ ಕಿಟಕಿಯಿಂದ ನೋಡಿದ್ದರೋ! ಪ್ರತಾಪ್ ಅಷ್ಟೂ ನೋಡಿದವರಲ್ಲ. ಅವರು ಪುಸ್ತಿಕೆಯನ್ನು ಮಾತ್ರ ನೋಡಿದ್ದರು, ಅದೂ ಕೇಕಿನ ಚಿತ್ರವಿದ್ದ ಮುಖಪುಟವನ್ನು.

ಆ ಸುತ್ತಿನ ಮನೆಗಳಲ್ಲಿ ಏನಿದೆ ಎಂಬುದು ಜಗದಾಂಬ ಅವರಿಗೆ ಗೊತ್ತಿತ್ತು. ಕಾಫಿ, ಮೆಣಸು ಬೆಳೆಯುವವರು ರೋಗ ತಡೆಯಲು ಬೋರ್ಡೋ ಸಿಂಪಡಿಸುತ್ತಾರೆ: ತಾಮ್ರದ ಅಂಶವಿರುವ ಮೈಲುತುತ್ತದ ನೀರಿಗೂ ಸುಣ್ಣದ ನೀರಿಗೂ ಮಾಡಿಸಿದ ಮದುವೆ. ಸುಣ್ಣ ಕಡಿಮೆಯಾದರೆ ದ್ರಾವಣ ಆಮ್ಲೀಯವಾಗಿ ಎಲೆ ಸುಡುತ್ತದೆ. ಉಜ್ಜಿದ ಚೂರಿಯನ್ನು ಒಂದು ನಿಮಿಷ ಅದ್ದಿದಾಗ ಅದಕ್ಕೆ ತಾಮ್ರ ಅಂಟಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಪಠ್ಯಪುಸ್ತಕದಲ್ಲಿ ಇದೇ ಕ್ರಿಯೆಯನ್ನು ಕಬ್ಬಿಣದ ಮೊಳೆಯಲ್ಲಿ ತೋರಿಸಿದ್ದಾರೆ. ಮೊಳೆಯಿಂದ ಈವರೆಗೆ ಯಾರ ತೋಟವೂ ಉಳಿದಿಲ್ಲ.

ಮನೆಯಲ್ಲಿ ಕಲಸಿದ್ದನ್ನು ಬಾಟಲಿಯಲ್ಲಿ ತನ್ನಿ ಎಂದು ಮೇಡಂ ಹೇಳಿದ್ದರು. ಅಂದು ತಂದವಳು ನಯನಾ ಒಬ್ಬಳೇ.

"ಅಪ್ಪ ಬೆಳಿಗ್ಗೆನೇ ಕಲ್ಸಿ ಮಡಗವ್ರೆ ಮೇಡಂ. ಎಲೆ ಆರಿದ್ ಕೂಡ್ಲೇ ಹೊಡೀತಾರೆ."

"ಬಾಟ್ಲಿ ತುಂಬುವಾಗ ಏನೂ ಅನ್ಲಿಲ್ವಾ?"

"ನಿಮ್ ಮೇಡಂ ಕಾಪಿ ಬದ್ಲು ಇದ್ನೇ ಕುಡೀತಾರಾ ಅಂದ್ರು."

ತರಗತಿ ನಕ್ಕಿತು. ಪ್ರತಾಪ್ ನಗಲಿಲ್ಲ, ನಗುವಿಗೆ ಅವರು ತುಂಬಬೇಕಿದ್ದ ನಮೂನೆಯಲ್ಲಿ ಜಾಗವಿರಲಿಲ್ಲ.

ಮೇಡಂ ಚೂರಿ ಅದ್ದಿದರು. ಅಭಿಲಾಷ್ ಅರವತ್ತರವರೆಗೆ ಎಣಿಸಿದ. ಹೊರತೆಗೆದಾಗ ಅವನೇ ಮೊದಲು ಕೂಗಿದ: "ಲೇ, ಕೆಂಪಗಾಗ್ಬುಡ್ತು ಕಣೋ!"

ನಯನಾಳ ಮುಖ ಬಾಡಿತು. "ಮೇಡಂ, ಇದ್ನೇ ಹೊಡುದ್ರೆ ನಮ್ ಬಳ್ಳಿ ಎಲ್ಲಾ ಸುಟ್ಟೋಯ್ತವೆ."

ಜಗದಾಂಬ ಬ್ಯಾಗಿನಿಂದ ಮೊಬೈಲ್ ತೆಗೆದರು.

"ಮೇಡಂ, ಕ್ಲಾಸಲ್ಲಿ ಮೊಬೈಲ್ ಬಳಸೋ ಹಾಗಿಲ್ಲ," ಎಂದರು ಪ್ರತಾಪ್. "ಪಾಠಯೋಜನೆಯಲ್ಲೂ ಇದು ಇಲ್ಲ."

"ಬರ್ಕೊಳ್ಳಿ ಸರ್. ಬರೀತಾ ಹಾಗೇ ಸ್ವಲ್ಪ ಜರುಗಿ. ಆ ಕಿಟಕಿ ಹತ್ರ ಮಾತ್ರ ಸಿಗ್ನಲ್ ಸಿಗೋದು."

ಪರಿವೀಕ್ಷಕರು ಪುಸ್ತಿಕೆ ಎತ್ತಿಕೊಂಡು ಜರುಗಿದರು. ಆ ದಿನ ಅವರಿಂದಾದ ಉಪಯೋಗ ಅದೊಂದೇ.

"ಲಕ್ಕಪ್ಪನವರೇ, ಸಿಂಪಡಿಸೋಕೆ ಶುರು ಮಾಡಿದ್ರಾ?"

ನಯನಾಳ ಅಪ್ಪನ ದನಿ ಇಡೀ ತರಗತಿಗೆ ಕೇಳುವಷ್ಟು ಜೋರಾಗಿತ್ತು. "ಪೈಪ್ ಎಳೀತಾವ್ರೆ ಮೇಡಂ. ಇನ್ನೇನ್ ಮೋಟ್ರು ಹಾಕದೇಯ."

"ಹಾಕ್ಬೇಡಿ. ಸುಣ್ಣ ಸಾಲದು."

"ಒಂದುಕ್ಕೊಂದು ತೂಕ ಮಾಡೇ ಹಾಕಿವ್ನಿ ಕಣ್ರೀ. ಇಪ್ಪತ್ತೈದ್ ವರ್ಸದಿಂದ ಕಲ್ಸ್ತಾ ಇವ್ನಿ!"

"ಸುಣ್ಣ ಯಾವಾಗಿಂದು?"

"ಹೋದ್ ವರ್ಸದ್ದು. ಮೂಟೆ ಬಾಯಿ ಬಿಚ್ಕೊಂಡಿತ್ತು."

"ಗಾಳಿ ಸೇರಿ ಅದರಲ್ಲಿ ಅರ್ಧ ಸೀಮೆಸುಣ್ಣ ಆಗಿರುತ್ತೆ. ತೂಕ ತೂಗುತ್ತೆ, ಕೆಲಸ ಮಾಡಲ್ಲ. ಹೊಸ ಸುಣ್ಣ ತಂದು ಸ್ವಲ್ಪಸ್ವಲ್ಪವೇ ಸೇರಿಸಿ. ಚೂರಿ ಉಜ್ಜಿ ಅದ್ದಿ ನೋಡಿ, ಕೆಂಪಾಗೋದು ನಿಂತ ಮೇಲೆ ಹೊಡೀರಿ."

"ಲೋ, ಮೋಟ್ರು ಮುಟ್ಬ್ಯಾಡ ಮಾರಾಯ! ನಿಲ್ಸೋ!" ಎಂದು ಲಕ್ಕಪ್ಪ ಯಾರಿಗೋ ಕೂಗಿದ್ದು ಕೇಳಿಸಿತು. ಫೋನ್ ಕಟ್ಟಾಯಿತು.

ಮೇಡಂ ಸುಣ್ಣವು ಗಾಳಿಯೊಡನೆ ಸೇರಿ ಕೆಡುವ ಸಮೀಕರಣವನ್ನು ಬೋರ್ಡಿನ ಮೇಲೆ ಬರೆದರು. ಮಕ್ಕಳು ಹೇಳಿಸಿಕೊಳ್ಳದೆಯೇ ಬರೆದುಕೊಂಡರು. ಪ್ರತಾಪ್ ಕೂಡ ಬರೆದರು: ಯೋಜನೆ ಬಿಟ್ಟು ಪಾಠ, ಮೊಬೈಲ್ ಬಳಕೆ, ಮೊಳೆಯ ಬದಲು ಚೂರಿ. ಬದುಕಿಗೆ ಹತ್ತಿರವಾದ ಉದಾಹರಣೆ ಇತ್ತೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದರು. ಅವರಿಗೆ ಕೇಕ್ ಎಲ್ಲೂ ಕಂಡಿರಲಿಲ್ಲ.

ನಮೂನೆಯ ಕೊನೆಯ ಚೌಕ ಖಾಲಿ ಉಳಿದಿತ್ತು.

"ಕಲಿಕಾಫಲ ಹೇಳಿ ಮೇಡಂ. ವಿವರಣೆ ಬೇಡ, ಅಂಕಿಯಲ್ಲಿ ಹೇಳಿದ್ರೆ ಸಾಕು."

ಜಗದಾಂಬ ನಯನಾಳ ಕಡೆ ತಿರುಗಿ, ಮನೆಯಲ್ಲಿ ಮೆಣಸಿನ ಬಳ್ಳಿ ಎಷ್ಟಿವೆ ಎಂದು ಕೇಳಿದರು. ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ಮೇಡಂ ಅದನ್ನೇ ಪರಿವೀಕ್ಷಕರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ನಾನೂರ ಹನ್ನೆರಡು."