ಕೈ ಇಟ್ಟರೆ ಸಾಕು

ಆ ದಿನಗಳಲ್ಲಿ ನಮ್ಮ ಮನೆಯ ಕಾರು ಬೇರೆಯವರ ಬಲವಿಲ್ಲದೆ ಹೊರಡುತ್ತಿರಲಿಲ್ಲ. ಅಪ್ಪ ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಬ್ಯಾಂಕ್ ಅಧಿಕಾರಿ. ಕಾರು ಅಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ಅದರ ಸ್ಟಾರ್ಟರ್ ಕೆಟ್ಟಿತ್ತು. ಆ ಊರಿನ ಮಧುರವಾಡ ಬಡಾವಣೆಯ ನಮ್ಮ ಮನೆ ಇಳಿಜಾರಿನಲ್ಲಿತ್ತು. ಬ್ರೇಕ್ ಬಿಟ್ಟರೆ ಗಾಡಿ ತಾನೇ ಉರುಳಿ, ಗೇರ್ ಹಾಕಿದೊಡನೆ ಕೆಮ್ಮಿ ಶುರುವಾಗುತ್ತಿತ್ತು. ರಿಪೇರಿ ಮಾಡಿಸಿರಿ ಎಂದು ಅವ್ವ ಹೇಳಿದಾಗಲೆಲ್ಲ ಅಪ್ಪನದು ಒಂದೇ ಮಾತು: "ಓಡ್ತದಲ್ಲ, ಸಾಕು."

ಮರುವರ್ಷ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿ ನಮ್ಮ ಓಣಿ ರೊಟ್ಟಿ ಬಡಿಯುವ ಕಲ್ಲಿನಷ್ಟು ಸಪಾಟು.

ಅಪ್ಪನ ಬಾಯಲ್ಲಿ ಪುಶ್ ಎಂಬ ಶಬ್ದಕ್ಕೆ ಬಿಡುವೇ ಇರಲಿಲ್ಲ. ಊರ ಕಡೆ ವರ್ಗವಾಗಲು ಮೇಲಿನವರ ಪುಶ್ ಬೇಕು, ನನ್ನ ಗಣಿತಕ್ಕೆ ಸ್ವಲ್ಪ ಪುಶ್ ಬೇಕು. ಮುಂಜಾನೆ ಸ್ಟೇರಿಂಗ್ ಹಿಡಿದು ಕೂತು ಕಿಟಕಿಯಿಂದ ಕೂಗುತ್ತಿದ್ದುದೂ ಅದನ್ನೇ. ಹಿಂದೆ ನಿಂತು ದಬ್ಬುವವರು ಮಾತ್ರ ಅವ್ವ ಮತ್ತು ನಾನು.

ನನಗಾಗ ಹನ್ನೊಂದು ವರ್ಷ. ಶಾಲೆಯ ಬಸ್ಸಿಗೆ ಕಾಯುವ ಹುಡುಗಿಯರು ನಮ್ಮನ್ನು ನೋಡಿ ನಗುತ್ತಿದ್ದರು. ನಾಚಿಕೆಯಿಂದ ನಾನು ಡಿಕ್ಕಿಯ ಮೇಲೆ ಅಂಗೈ ಇಟ್ಟು, ಹಲ್ಲು ಕಚ್ಚಿ, ದಬ್ಬಿದಂತೆ ನಟಿಸುತ್ತಿದ್ದೆ. ಕೈಗೆ ಒಂದಿಷ್ಟೂ ಬಲ ಹಾಕುತ್ತಿರಲಿಲ್ಲ. ಅವ್ವನಿಗೆ ಅದು ಗೊತ್ತಿತ್ತು.

"ಕೈ ಇಟ್ರ ಸಾಕು, ನನ್ನವ್ವಾ. ದಬ್ಬೂದು ನಾ ದಬ್ತೇನಿ," ಎನ್ನುತ್ತಿದ್ದಳು. ಅವಳ ಸೆರಗಿಗೆ ಒಗ್ಗರಣೆಯ ವಾಸನೆ. ಅವಳಿಗೆ ಉಬ್ಬಸವಿತ್ತು. ಗಾಡಿ ಹೋದ ಮೇಲೆ ಗೇಟಿಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಳು.

ಆ ಬೇಸಿಗೆಯ ಒಂದು ಮಧ್ಯಾಹ್ನ ಅವ್ವನಿಗೆ ಉಸಿರು ಸಿಗದಾಯಿತು. ಬಾಯಿಗೆ ಹಿಡಿಯುವ ಪಂಪು ಖಾಲಿಯಾಗಿತ್ತು. ಅವತ್ತು ಬಂದ್; ಅಪ್ಪ ಮನೆಯಲ್ಲೇ ಇದ್ದರು, ಆದರೆ ಬೀದಿಯಲ್ಲಿ ಒಂದು ಆಟೋ ಇಲ್ಲ. ಆಂಬುಲೆನ್ಸಿನವರು ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಅಪ್ಪ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು.

ಹಿಂದೆ ನಾನೊಬ್ಬಳೇ. ಅವತ್ತು ಜೀವ ಒತ್ತೆ ಇಟ್ಟು ದಬ್ಬಿದೆ. ಚಪ್ಪಲಿ ಕಳಚಿ ಡಾಂಬರಿಗೆ ಅಂಗಾಲು ಸುಟ್ಟಿತು, ಗಾಡಿ ಗೇಣು ಸರಿದು ನಿಂತಿತು. ಓಣಿಯ ಬಾಗಿಲುಗಳೆಲ್ಲ ಬಿಸಿಲಿಗೆ ಮುಚ್ಚಿದ್ದವು. ತೆಲುಗಿನಲ್ಲಿ ಕೂಗಿದೆ, ಕೂಲರುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪ ತಾವೂ ಇಳಿದು, ಬಾಗಿಲಿಗೆ ಹೆಗಲು ಕೊಟ್ಟು ದಬ್ಬಿ, ಓಡಿ ಹತ್ತಿ ಕೂರುವಷ್ಟರಲ್ಲಿ ಅದು ಮತ್ತೆ ನಿಂತಿರುತ್ತಿತ್ತು. "ಪುಶ್ ಮಾಡವಾ," ಎಂದು ಅಳುತ್ತಲೇ ಹೇಳಿದರು.

ಆಗ ಹಿಂದಿನ ಬಾಗಿಲು ತೆರೆಯಿತು. ಅವ್ವ ಇಳಿದಳು.

"ನೀ ಯಾಕ ಇಳದಿ? ಒಳಗ ಕೂಡು," ಎಂದರು ಅಪ್ಪ.

"ನೀವು ಸ್ಟೇರಿಂಗ್ ಹಿಡೀರಿ," ಎಂದಳು, ಒಂದೊಂದು ಮಾತಿಗೂ ನಿಂತು. "ಹುಡುಗಿ ಒಬ್ಬಾಕಿ ಕೈಯಾಗ ಆಗೂದಿಲ್ಲ."

ನನ್ನ ಎಡಕ್ಕೆ, ತನ್ನ ಎಂದಿನ ಜಾಗದಲ್ಲಿ ಬಂದು ನಿಂತಳು. ಇಬ್ಬರೂ ದಬ್ಬಿದೆವು. ಗಾಡಿ ಕೆಮ್ಮಿತು, ಶುರುವಾಯಿತು. ಅಲ್ಲೇ ನಿಲ್ಲಿಸಿದರೆ ಮತ್ತೆ ಸಾಯುತ್ತದೆಂದು ಅಪ್ಪ ರೂಢಿಯಂತೆ ಓಣಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ಅಷ್ಟರಲ್ಲಿ ಅವ್ವ ರಸ್ತೆಯ ಮೇಲೇ ಕುಸಿದು ನನ್ನ ಭುಜಕ್ಕೆ ತಲೆ ಆನಿಸಿದ್ದಳು.

"ಇವತ್ತ ಖರೇನ ದಬ್ಬಿದಿ ನೋಡು," ಎಂದಳು. ಅದೇ ಅವಳ ಕೊನೆಯ ಮಾತು.

ಆಸ್ಪತ್ರೆಯಲ್ಲಿ ಡಾಕ್ಟರು ನರ್ಸಿಗೆ, "ತ್ವರಗಾ ಪುಶ್ ಚೆಯ್ಯಂಡಿ," ಬೇಗ ಪುಶ್ ಮಾಡಿ, ಎಂದರು. ಸಿರಿಂಜಿನ ಔಷಧ ಒಳಗೆ ಹೋಯಿತು. ಅವ್ವ ಕಣ್ಣು ತೆರೆಯಲಿಲ್ಲ.

ಈಗ ನಾನು ಮತ್ತೆ ಮಧುರವಾಡದಲ್ಲಿದ್ದೇನೆ. ನನ್ನ ಕಾರಿಗೆ ಕೀಲಿಯನ್ನೂ ತಿರುಗಿಸಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. "ಅಮ್ಮಾ, ನೇನು ನೊಕ್ಕುತಾ," ಎಂದು ಮಗಳು ದಿನವೂ ತಾನೇ ಒತ್ತಲು ಹಟ ಮಾಡುತ್ತಾಳೆ. ಅವಳ ಮೆತ್ತಗಿನ ಬೆರಳಿಗೆ ಇಡೀ ಗಾಡಿ ಎಚ್ಚರಗೊಳ್ಳುತ್ತದೆ, ಯಾರೂ ಇಳಿಯಬೇಕಿಲ್ಲ. ಅವಳಿಗೆ ಅಜ್ಜಿಯ ಫೋಟೋ ತೋರಿಸಿದ್ದೇನೆ, ಉಬ್ಬಸದ ವಿಷಯ ಹೇಳಿದ್ದೇನೆ. ಒಂದನ್ನು ಮಾತ್ರ ಹೇಳಿಲ್ಲ. ಆ ವರ್ಷವಿಡೀ ದಿನವೂ ಮುಂಜಾನೆ ನನ್ನ ಪಾಲನ್ನೂ ದಬ್ಬಿದವಳು, ತನಗೇ ಉಸಿರು ಸಾಲದ ಅವ್ವ.