ಎರಡೇ ಹನಿಯ ಲಕ್ಷ್ಮಕ್ಕ

ಲಕ್ಷ್ಮಕ್ಕ ಬರುವುದಕ್ಕೆ ಮೊದಲೇ ಆಕೆಯ ವಾಸನೆ ಬರುತ್ತಿತ್ತು. ಮಲ್ಲಿಗೆಯದಲ್ಲ, ಪೌಡರಿನದೂ ಅಲ್ಲ. ಮೂಗಿಗೆ ಚುರ್ರೆನ್ನುವ, ಕರ್ಪೂರದ ತಂಗಿಯಂಥ ಟೀ ಟ್ರೀ ಎಣ್ಣೆಯ ವಾಸನೆ. ಆದೋನಿಯ ನಮ್ಮ ಓಣಿಯಲ್ಲಿ ಆಕೆಯದು ಒಂದೇ ಕುರ್ಚಿಯ ಬ್ಯೂಟಿ ಪಾರ್ಲರ್. ಹುಬ್ಬು ತೀಡಿಸಲು ಹೋದವರು ತಲೆಹೊಟ್ಟು, ಮೊಡವೆ, ಕಾಲ್ಬೆರಳ ಸಂದಿಯ ತುರಿಕೆ ಎಲ್ಲದರ ವರದಿ ಒಪ್ಪಿಸಿ ಬರುತ್ತಿದ್ದರು. ಆಕೆ ಒಂದು ಚಮಚ ಕೊಬ್ಬರಿ ಎಣ್ಣೆ ಹಿಡಿದು, ಉಸಿರು ಬಿಗಿಹಿಡಿದು ಅದಕ್ಕೆ ಟೀ ಟ್ರೀ ಎಣ್ಣೆಯ ಹನಿ ಎಣಿಸಿ ಹಾಕುತ್ತಿದ್ದಳು.

"ರೆಂಡೇ ಚುಕ್ಕಲು! ಎರಡ ಹನಿ. ಮೂರನೇದು ಹಾಕಿದಿ ಅಂದ್ರ ಔಷಧ ಅಲ್ಲ, ಜಗಳ. ಬಾಯಾಗಂತೂ ಒಂದು ಹನೀನೂ ಹೋಗಬಾರದು. ಹದಿನೈದು ದಿನದಾಗ ಕಡಿಮಿ ಆಗಲಿಲ್ಲಂದ್ರ ಡಾಕ್ಟರ್ ಕಡೆ ಹೋಗು, ನನ್ನ ತಲಿ ತಿನ್ನಬ್ಯಾಡ."

ಬಾಟಲಿ ತೆರೆದ ದಿನವೇ ಅದಕ್ಕೊಂದು ಪಟ್ಟಿ ಅಂಟಿಸಿ ತಿಂಗಳು ಬರೆಯುವಳು. ವರ್ಷ ದಾಟಿದ ಎಣ್ಣೆ ಚರ್ಮ ಸುಡುತ್ತದೆಂದು, ಅರ್ಧ ಉಳಿದಿದ್ದರೂ ಚೆಲ್ಲುವಳು. ಹನಿ ಎಣಿಸುವವಳು ಅರ್ಧ ಬಾಟಲಿ ಚೆಲ್ಲುವುದು ನಮಗಂತೂ ಅರ್ಥವಾಗುತ್ತಿರಲಿಲ್ಲ.

ನನ್ನನ್ನು ನೋಡಲು ಎಮ್ಮಿಗನೂರಿನಿಂದ ಗಂಡಿನವರು ಬರುವ ಹಿಂದಿನ ದಿನ, ಮೊಡವೆಗೆಂದು ಆಕೆ ಕೊಟ್ಟಿದ್ದ ಪುಟ್ಟ ಬಾಟಲಿ ಅವ್ವನ ಕೈಗೆ ಸಿಕ್ಕಿತು. ಅವ್ವ ದೇವನಕೊಂಡದವಳು, ಅವಳ ತವರಲ್ಲಿ ಎಣ್ಣೆಯನ್ನು ಅಂಗೈ ತುಂಬ ಸುರಿದು ತಿಕ್ಕುವುದೇ ಪ್ರೀತಿ. "ಎರಡ ಹನಿ ಹಚ್ಚಾಕ ನಾವೇನು ಗತಿಗೆಟ್ಟವರಾ?" ಎಂದು ಏನೂ ಬೆರೆಸದೆ ಮುಖಕ್ಕೆಲ್ಲ ತಿಕ್ಕಿಬಿಟ್ಟಳು. ಬೆಳಗಾಗುವಷ್ಟರಲ್ಲಿ ನನ್ನ ಕೆನ್ನೆ ಕೆಂಪು ಮೆಣಸಿನಕಾಯಿ. ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಆ ಹುಡುಗ ನನಗೆ ಇಷ್ಟವಾಗಿದ್ದ. ಅವನ ಫೋಟೋವನ್ನು ಫೋನಿನಲ್ಲಿ ಅದೆಷ್ಟು ಸಲ ನೋಡಿದ್ದೆನೋ!

ಸುದ್ದಿ ತಿಳಿದು ಓಡಿಬಂದ ಲಕ್ಷ್ಮಕ್ಕ ತಣ್ಣೀರಲ್ಲಿ ಮುಖ ತೊಳೆಸಿದಳು. ಅವ್ವ ತಂದ ಪೌಡರ್ ಡಬ್ಬಿ ಕಸಿದುಕೊಂಡಳು. "ಉರಿಯೋ ಚರ್ಮಕ್ಕ ಪೌಡರ್ ಹಚ್ತಾರೇನ ಯವ್ವಾ?"

ಗಂಡಿನವರು ನನ್ನ ಮುಖ ನೋಡಿ ಪಿಸುಗುಟ್ಟತೊಡಗಿದಾಗ, ಯಾರೂ ಕರೆಯದಿದ್ದರೂ ನಡುವೆ ಬಂದು ನಿಂತಳು.

"ರೋಗ ಅಲ್ರೀ ಇದು, ಎಣ್ಣಿ ಹೆಚ್ಚಾಗೇತಿ. ತಪ್ಪು ನಂದು, ಕಲಸಿ ಕೊಡಬೇಕಿತ್ತು. ನಾಕು ದಿನ ಬಿಟ್ಟು ಬಂದು ನೋಡ್ರಿ."

ಅವ್ವನ ಹೆಸರೇ ಎತ್ತಲಿಲ್ಲ. ಅವ್ವ ತಲೆ ತಗ್ಗಿಸಿದಳು. ಹುಡುಗನ ತಾಯಿ ನನ್ನನ್ನು ಬಿಟ್ಟು ಲಕ್ಷ್ಮಕ್ಕನನ್ನೇ ನೋಡಿ ನಕ್ಕರು. "ನಾಕು ದಿನ ಯಾಕ್ರಿ? ಖರೆ ಮಾತಾಡೋ ಮಂದಿ ಅದೀರಿ, ಸಾಕು. ನನ್ನ ತಲಿಹೊಟ್ಟಿಗೂ ಎರಡ ಹನಿ ಕಲಸಿ ಕೊಡ್ರಿ."

ನನ್ನ ಮದುವೆಗೆ ಲಕ್ಷ್ಮಕ್ಕನೇ ಅಲಂಕಾರ ಮಾಡಿದಳು.

ಹೋದ ಯುಗಾದಿಗೆ ಮುಂಚೆ ಎದೆನೋವು ಬಂದು ತೀರಿಕೊಂಡಳು. ಆಕೆ ಕೊನೆಗೆ ಕೊಟ್ಟ ಬಾಟಲಿ ಎರಡೆರಡೇ ಹನಿ ಬಳಸಿದ್ದರಿಂದ ಅರ್ಧ ಹಾಗೇ ಉಳಿದಿತ್ತು. ಮೊನ್ನೆ ಪಟ್ಟಿಯ ಮೇಲಿನ ಸೊಟ್ಟ ಅಕ್ಷರ ಓದಿದೆ, ವರ್ಷ ದಾಟಿತ್ತು. ಇಟ್ಟುಕೊಂಡರೆ ಬೈಯುತ್ತಾಳೆಂದು ಬಚ್ಚಲಲ್ಲಿ ಚೆಲ್ಲಿದೆ. ಮನೆಯೆಲ್ಲ ಆ ವಾಸನೆ ತುಂಬಿತು. ನಾನು ಬಾಗಿಲ ಕಡೆ ನೋಡಿದೆ. ಈ ಸಲ ವಾಸನೆಯ ಹಿಂದೆ ಲಕ್ಷ್ಮಕ್ಕ ಬರಲಿಲ್ಲ.